ಹುಳಕ್ಕೆ ಹಾಕದ ಎಲೆ

ನಮ್ಮ ಅಡುಗೆಕೋಣೆಯಲ್ಲಿ ಒಲೆಯ ನೇರಕ್ಕೆ ಒಂದು ತೊಲೆ ಹಾದುಹೋಗಿತ್ತು. ಹೊಗೆ ಕುಡಿದು ಕುಡಿದು ಅದು ಎಣ್ಣೆ ಸವರಿದ ಹಾಗೆ ಕಪ್ಪಾಗಿ ಮಿರುಗುತ್ತಿತ್ತು. ಅಜ್ಜಿ ಆ ತೊಲೆಗೆ ಸೋರೆ ಬುರುಡೆಗಳನ್ನು ತೂಗುಹಾಕಿದ್ದಳು. ಒಂದರಲ್ಲಿ ಬಿಳಿ ಅಲಸಂದೆ, ಒಂದರಲ್ಲಿ ತೊಗರಿ, ಇನ್ನೊಂದರಲ್ಲಿ ಹರಳು. ಬೂದಿ ಬೆರೆಸಿ ಬೀಜ ತುಂಬಿ, ಬಾಯಿಗೆ ಸಗಣಿ ಮೆತ್ತಿದ ಆ ಬುರುಡೆಗಳನ್ನು ಮುಟ್ಟುವ ಅಧಿಕಾರ ಮನೆಯಲ್ಲಿ ಇಬ್ಬರಿಗೇ ಇತ್ತು, ಅಜ್ಜಿಗೆ ಮತ್ತು ನನ್ನ ಅಕ್ಕ ಗೌರಿಗೆ. ಅಪ್ಪ ಕೂಡ ಅವುಗಳ ಕೆಳಗೆ ತಲೆ ಬಗ್ಗಿಸಿಯೇ ಓಡಾಡಬೇಕಿತ್ತು. ಅಜ್ಜಂಪುರದ ಕಡೆಯ ಊರುಗಳಲ್ಲಿ ಆಗ ಇದ್ದಂಥದೇ ಮಾಳಿಗೆ ಮನೆ ನಮ್ಮದು. ಮೇಲೆ ಮಣ್ಣಿನ ಚಾವಣಿ, ನಡುಮನೆಯಲ್ಲಿ ಗವಾಕ್ಷಿಯಿಂದ ಬೀಳುವ ಒಂದು ತುಂಡು ಬಿಸಿಲು. ಒಂದು ಮಗ್ಗುಲಲ್ಲಿ ಎತ್ತು, ಎಮ್ಮೆ. ಇನ್ನೊಂದು ಮಗ್ಗುಲಲ್ಲಿ ನಾವು. ನಾನು ಹಾಲು ಬಿಡುವ ಮೊದಲೇ ಅವ್ವ ಹೋಗಿದ್ದಳು. ನನ್ನ ತಲೆ ಬಾಚಿದವಳು, ಜ್ವರ ಬಂದಾಗ ಗಂಜಿ ಕುಡಿಸಿದವಳು, ಮಲಗಿಸುವಾಗ ಬೆನ್ನು ಕೆರೆದವಳು ಅಕ್ಕ. ನಾನು ಊರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದ್ದೇನೆ, ಅಷ್ಟೇ. ಇದರಲ್ಲಿ ಕಾಗುಣಿತ ಸರಿಯಿದ್ದರೆ ಅದು ನನ್ನ ಮಗಳು ತಿದ್ದಿದ್ದು. ಮಾತು ನನ್ನದು.

ನಮ್ಮ ಹೊಲದಲ್ಲಿ ಮುಖ್ಯ ಬೆಳೆ ಕಡಲೆಕಾಯಿ. ಅದು ಅಪ್ಪನ ಬೆಳೆ. ಕಡಲೆಕಾಯಿಯ ನಡುವೆ ಅಲ್ಲಲ್ಲಿ ಒಂದೊಂದು ಸಾಲು ಬಿಟ್ಟು ಅಲಸಂದೆ, ತೊಗರಿ, ಹರಳನ್ನು ಕಲಸಿ ಬಿತ್ತುತ್ತಿದ್ದೆವು. ಅದಕ್ಕೆ ಅಕ್ಕಡಿ ಅನ್ನುತ್ತಾರೆ. ಅಕ್ಕಡಿ ಹೆಂಗಸರ ಬೆಳೆ. ಅದರಲ್ಲಿ ಬಂದದ್ದಕ್ಕೆ ಗಂಡಸರು ಕೈ ಹಾಕುವಂತಿರಲಿಲ್ಲ. ನಮ್ಮ ಸಾರಿನ ಬೇಳೆ, ದೀಪದ ಹರಳೆಣ್ಣೆ, ಹಬ್ಬಕ್ಕೆ ನಮ್ಮಿಬ್ಬರ ಬಟ್ಟೆ, ಎಲ್ಲಾ ಆ ಸಾಲಿನಿಂದಲೇ ಬರುತ್ತಿತ್ತು. ಆದರೆ ಅಜ್ಜಿ ಅಕ್ಕಡಿಯನ್ನು ಬರೀ ಕಾಳಿಗಾಗಿ ಬಿತ್ತುತ್ತಿರಲಿಲ್ಲ. ಮೊದಲ ಮಳೆ ಬಿದ್ದ ಮೇಲೆ ದೀಪಕ್ಕೆ ಬಿಳಿ ಚಿಟ್ಟೆಗಳು ಮುತ್ತಿಕೊಂಡವೆಂದರೆ ಹಿಂದೆಯೇ ಕಂಬಳಿಹುಳ ಬರುತ್ತದೆಂದು ಅರ್ಥ. ಆ ಚಿಟ್ಟೆ ಕಡಲೆಕಾಯಿಗಿಂತ ಮೊದಲು ಹುಡುಕಿಕೊಂಡು ಹೋಗುವುದು ಅಲಸಂದೆಯ ಎಲೆಯನ್ನು, ಹರಳಿನ ಎಲೆಯನ್ನು. ಎಲೆಯ ಅಡಿಗೆ ಸಾಸಿವೆ ಚೆಲ್ಲಿದ ಹಾಗೆ ಮೊಟ್ಟೆ ಇಡುತ್ತದೆ. ಒಡೆದ ಮರಿಗಳು ಒಂದಷ್ಟು ದಿನ ಒಂದೇ ಎಲೆಯಲ್ಲಿ ಗುಂಪಾಗಿ ಇರುತ್ತವೆ. ಆಗ ಆ ಎಲೆಯನ್ನೇ ಕಿತ್ತು ಗುಂಡಿಯಲ್ಲಿ ಹೂತರೆ ಮುಗಿಯಿತು. ಅಕ್ಕ ಮುಂದೆ, ನಾನು ಹಿಂದೆ, ಬೆಳಿಗ್ಗೆ ಬಿಸಿಲೇರುವ ಮುಂಚೆ ಸಾಲು ಹಿಡಿದು ಎಲೆ ತಿರುವುತ್ತ ಹೋಗುತ್ತಿದ್ದೆವು. ಸಿಕ್ಕ ಎಲೆಯನ್ನು ನಾನು ಮೂಗು ಮುಚ್ಚಿಕೊಂಡು ಅವಳ ಬುಟ್ಟಿಗೆ ಹಾಕುತ್ತಿದ್ದೆ. ನನಗೆ ಹುಳ ಕಂಡರೆ ಮೈಯೆಲ್ಲಾ ಕಡಿಯುತ್ತಿತ್ತು. ನಾನು ಅದನ್ನು ಬೈದರೆ ಅಜ್ಜಿ ನಗುತ್ತಿದ್ದಳು.

"ಹುಳಕ್ಕೂ ಒಂದು ಎಲೆ ಹಾಕ್ಬೇಕು ಕಣೇ ಸಣ್ಣಿ. ಹಸ್ಕೊಂಡು ಬಂದೋನ್ನ ಬಾಗ್ಲಲ್ಲೇ ನಿಲ್ಸಿದ್ರೆ ಸೀದಾ ಅಡುಗೆಮನೆಗೇ ನುಗ್ತಾನೆ. ಪಡಸಾಲೇಲಿ ಕೂರ್ಸಿ ಬಡಿಸ್ಬಿಟ್ರೆ ಅಲ್ಲೇ ಇರ್ತಾನೆ."

"ಬಡಿಸಿ, ಆಮೇಲೆ ಹೂಳ್ತೀಯಲ್ಲ ಅಜ್ಜಿ!"

"ಅದು ನಿಮ್ಮಕ್ಕನ ಮರ್ಯಾದೆ. ನಾನು ಬರೀ ಬಡ್ಸೋಳು."

ಊರಿನಲ್ಲಿ ಅಕ್ಕನಿಗೆ ಒಂದು ಹೆಸರಿತ್ತು. ಅವಳು ಮುಟ್ಟಿದ ಬೀಜ ಸುಳ್ಳಾಗುವುದಿಲ್ಲ ಎಂದು. ಕೈಗುಣ ಅಂತಾರಲ್ಲ, ಅದು. ಬಿತ್ತನೆಯ ದಿನ ನಮ್ಮ ಬಾಗಿಲಿಗೆ ಬಂದು ಅವಳನ್ನು ಕರೆದುಕೊಂಡು ಹೋಗುತ್ತಿದ್ದರು. ಬೀಜ ಬಿತ್ತುವ ಕೂರಿಗೆಗೆ ವಿಭೂತಿ ಹಚ್ಚಿ, ಕಾಯಿ ಒಡೆದ ಮೇಲೆ ಮೊದಲ ಹಿಡಿ ಬೀಜ ಅವಳ ಕೈಯಿಂದ ಬೀಳಬೇಕು. ಪಕ್ಕದ ಹೊಲದ ಬಸಪ್ಪಣ್ಣನಂತೂ ಅವಳು ಬರದೆ ಎತ್ತು ಹೂಡುತ್ತಲೇ ಇರಲಿಲ್ಲ. ಮದುವೆಯ ವಯಸ್ಸಿನ ಆ ಹುಡುಗಿ ತಲೆ ತುಂಬ ಸೆರಗು ಹೊದ್ದು, ದೊಡ್ಡವರ ನಡುವೆ ದೊಡ್ಡವಳ ಹಾಗೆ ನಡೆದು ಹೋಗುವುದನ್ನು ನಾನು ಹೊಸ್ತಿಲ ಮೇಲೆ ನಿಂತು ನೋಡುತ್ತಿದ್ದೆ. ನನ್ನನ್ನು ಯಾರೂ ಯಾವುದಕ್ಕೂ ಕರೆಯುತ್ತಿರಲಿಲ್ಲ. ಆ ಹೊತ್ತಿನಲ್ಲಿ ನನ್ನ ಎದೆಯಲ್ಲಿ ಇದ್ದದ್ದು ಹೆಮ್ಮೆ ಎಂದು ಬಹಳ ಕಾಲ ನಂಬಿದ್ದೆ. ಹೆಮ್ಮೆ ಆಗಿರಲಿಲ್ಲ.

ಜಗಳ ಶುರುವಾದದ್ದು ಊಟದ ಹೊತ್ತಿನಲ್ಲಿ. ಅಪ್ಪ ತರೀಕೆರೆಯ ಔಷಧಿ ಅಂಗಡಿಗೆ ಹೋಗಿ ಬಂದಿದ್ದ. ಅಕ್ಕಡಿ ತೆಗೆದರೆ ಅಷ್ಟೂ ಸಾಲಿಗೆ ಕಡಲೆಕಾಯಿ ಬರುತ್ತದೆ, ಹುಳಕ್ಕೆ ಪುಡಿ ಇದೆ, ಎರಚಿದರೆ ಸಾಕು ಎಂದು ಅಲ್ಲಿ ಹೇಳಿದ್ದರಂತೆ. ಕಡಲೆಕಾಯಿ ಕಿತ್ತ ಮೇಲೂ ತೊಗರಿ ಸಂಕ್ರಾಂತಿವರೆಗೆ ನಿಂತಿರುತ್ತಿತ್ತು. ಅಲ್ಲಿಯವರೆಗೆ ಹೊಲ ಉಳುವ ಹಾಗಿರಲಿಲ್ಲ. ಅದೊಂದು ಸಿಟ್ಟು ಅಪ್ಪನಿಗೆ ಮೊದಲಿಂದಲೂ ಇತ್ತು.

"ಈ ಸಲ ಅಕ್ಕಡಿ ಬ್ಯಾಡ. ಬರೀ ಕಡ್ಲೇಕಾಯಿ," ಎಂದ.

ಅಜ್ಜಿ ಮುದ್ದೆ ತಿರುವುವ ಕೈ ನಿಲ್ಲಿಸಲಿಲ್ಲ.

"ನೀನು ತಿಂತಿರೋ ಸಾರು ಯಾವುದ್ರದು ಹೇಳೋ ರುದ್ರಾ."

"ಸಾರಿಗೆ ಬೇಳೆ ಅಂಗ್ಡೀಲಿ ಸಿಗುತ್ತೆ ಕಣವ್ವಾ."

"ಹಂಗಾದ್ರೆ ಬಿತ್ತೋಕೆ ಹೆಂಗಸ್ರೂ ಅಂಗ್ಡೀಲಿ ಸಿಕ್ತಾರೇನೋ ನೋಡು. ನನ್ನ ಒಲೆ ಮುಂದೆ ಕೂತೋರ್ಯಾರೂ ನಿನ್ನ ಕೂರಿಗೆ ಹಿಂದೆ ಬರಲ್ಲ."

ಅಕ್ಕ ತಲೆ ತಗ್ಗಿಸಿ ಕೂತಿದ್ದಳು. ಆದರೂ ಮೆಲ್ಲಗೆ ಹೇಳಿದಳು.

"ಅಪ್ಪಾ, ಹುಳ ಬಂದ್ರೆ ಏನ್ ಮಾಡಾದು? ಅಕ್ಕಡಿ ಇಲ್ದಿದ್ರೆ ಅದು ಎಲ್ಲಿ ಕೂತಿದೆ ಅಂತಾನೇ ಗೊತ್ತಾಗಲ್ಲ."

ಅಪ್ಪ ಗಂಗಾಳದಲ್ಲೇ ಕೈ ತೊಳೆದು ಎದ್ದ. ಬಾಗಿಲಲ್ಲಿ ನಿಂತು, "ಆಯ್ತು, ಬಿತ್ಕಳ್ಳಿ," ಅಂದ. ಅಜ್ಜಿ ಗೆದ್ದಳು ಎಂದುಕೊಂಡೆವು. ಮಾರನೆಯ ದಿನ ನಾನು ಎಮ್ಮೆಗೆ ನೀರು ಕುಡಿಸಲು ಹೋದಾಗ ಅಪ್ಪ ತೊಟ್ಟಿಯ ಹತ್ತಿರ ನನ್ನನ್ನು ನಿಲ್ಲಿಸಿಕೊಂಡ. ಅಷ್ಟು ಮೆತ್ತಗೆ ಅವನು ನನ್ನೊಡನೆ ಯಾವತ್ತೂ ಮಾತಾಡಿರಲಿಲ್ಲ.

"ಏನವ್ವಾ, ಅಜ್ಜಂಪುರದ ಸ್ಕೂಲಿಗೆ ಹೋಗ್ತೀಯಾ? ಬಸ್ಸಲ್ಲಿ? ಹೊಸ ಚೀಲ ಹಾಕ್ಕಂಡು?"

ನಮ್ಮೂರಿನ ಶಾಲೆ ಮುಗಿದರೆ ಹೆಣ್ಣುಮಕ್ಕಳ ಓದೂ ಮುಗಿಯಿತು ಎಂದೇ ಲೆಕ್ಕ. ಬಸ್ಸಿನ ಕಿಟಕಿಯ ಪಕ್ಕ ಕೂತು ಅಜ್ಜಂಪುರಕ್ಕೆ ಹೋಗುವ ಹುಡುಗರನ್ನು ನಾನು ದಿನಾ ನೋಡುತ್ತಿದ್ದೆ. ಹೂಂ ಅಂದೆ.

"ನಾಳೆ ನಿನ್ನ ಕೈಗೆ ಸಡ್ಡೆ ಕೊಡಿಸ್ತೀನಿ. ಬೀಜ ಬಿಡ್ಬ್ಯಾಡ. ಬಿಟ್ಟಂಗೆ ಮಾಡು, ಸಾಕು. ಒಂದ್ ಸಲ ಹುಟ್ಲಿಲ್ಲ ಅಂದ್ರೆ ಮುಂದಿನ ವರ್ಷ ಅವ್ರೇ ಅಕ್ಕಡಿ ಬಿಡ್ತಾರೆ. ಯಾರ ಹತ್ರಾನೂ ಬಾಯ್ ಬಿಡ್ಬ್ಯಾಡ."

ಸಡ್ಡೆ ಎಂದರೆ ಒಂದು ಬಿದಿರಿನ ಕೊಳವೆ. ಮೇಲೆ ಬಟ್ಟಲಿನಂಥ ಬಾಯಿ, ಕೆಳಗೆ ಚೂಪು. ಕೂರಿಗೆಯ ಹಿಂದೆ ಹಗ್ಗದಿಂದ ಕಟ್ಟಿರುತ್ತಾರೆ. ಅದನ್ನು ನೆಲಕ್ಕೆ ಒತ್ತಿ ಹಿಡಿದು ನಡೆಯುತ್ತ, ಮಡಿಲಿನಿಂದ ಒಂದೊಂದೇ ಕಾಳು ಬಿಡುತ್ತ ಹೋಗಬೇಕು. ಒದ್ದೆ ಮಣ್ಣು ಅದರ ತುದಿಗೆ ಕಟ್ಟಿಕೊಳ್ಳುತ್ತದೆ. ಹಾಗಾಗಿ ಬದುವಿಗೆ ಬಂದು ತಿರುಗುವಾಗಲೆಲ್ಲ ಸಡ್ಡೆಯನ್ನು ಕಲ್ಲಿಗೆ ಬಡಿದು ಮಣ್ಣು ಉದುರಿಸಬೇಕು. ಪ್ರತಿ ವರ್ಷ ಅದನ್ನು ಅಕ್ಕನೇ ಹಿಡಿಯುತ್ತಿದ್ದಳು. ಆ ದಿನ ಅಪ್ಪ, ಕೂಲಿಯವಳು ಬಂದಿಲ್ಲ, ಕಡಲೆಕಾಯಿ ಬೀಜ ಬಿಡಲು ಕೂರಿಗೆಯ ಬಟ್ಟಲಿಗೆ ನೀನೇ ಬಾ ಎಂದು ಅಕ್ಕನನ್ನು ಮುಂದಕ್ಕೆ ಕರೆದ. ಕೂಲಿಯವಳಿಗೆ ಬರಬೇಡ ಎಂದು ಹೇಳಿದ್ದೂ ಅವನೇ. ಅಕ್ಕ ಬೇಜಾರು ಮಾಡಿಕೊಳ್ಳಲಿಲ್ಲ. ನನ್ನ ಲಂಗದ ಮೇಲೆ ತನ್ನ ಹಳೆಯ ಸೀರೆಯ ತುಂಡನ್ನು ಮಡಿಲು ಕಟ್ಟಿ, ಬುರುಡೆಯ ಬೀಜವನ್ನು ಬೊಗಸೆಯಲ್ಲಿ ತೆಗೆದು, ಕಣ್ಣಿಗೊತ್ತಿಕೊಂಡು ನನ್ನ ಮಡಿಲಿಗೆ ಸುರಿದಳು.

"ಇನ್ಮೇಲೆ ನಿನ್ನನ್ನೂ ಕರೀತಾರೆ ನೋಡು ಸಣ್ಣಿ," ಅಂದಳು.

ಅಪ್ಪ ಎತ್ತು ಹೊಡೆದ. ಅಕ್ಕ ನನಗೆ ಬೆನ್ನು ಕೊಟ್ಟು ಕೂರಿಗೆಯ ಬಟ್ಟಲಿಗೆ ಬೀಜ ಬಿಡುತ್ತ ನಡೆದಳು. ಹಿಂದೆ ನಾನು, ಮಡಿಲಿಗೂ ಸಡ್ಡೆಗೂ ಕೈ ಆಡಿಸುತ್ತ, ಮುಷ್ಟಿ ಬಿಚ್ಚದೆ. ಬದು ಬಂದಾಗಲೆಲ್ಲ ಕತ್ತಾಳೆ ಬೇಲಿಯ ಹಿಂದಕ್ಕೆ ಮುಷ್ಟಿಯಲ್ಲಿದ್ದುದನ್ನು ಚೆಲ್ಲುತ್ತಿದ್ದೆ. ಅಕ್ಕ ತಿರುಗಿ ನೋಡದೆ ಕೇಳುತ್ತಿದ್ದಳು.

"ಸಡ್ಡೆ ಬಡಿದ್ಯಾ?"

"ಬಡಿದೆ ಅಕ್ಕ."

ಟಕ್ ಟಕ್ ಎಂದು ಕೇಳುವ ಹಾಗೆ ಬಡಿಯುತ್ತಿದ್ದೆ. ಸಂಜೆಯ ಹೊತ್ತಿಗೆ ನನ್ನ ಮಡಿಲು ಖಾಲಿ. ಮನೆಯಲ್ಲಿ ಅಕ್ಕ ನನ್ನ ಅಂಗೈ ತಿರುಗಿಸಿ, ಎಲ್ಲಿ ಬೊಬ್ಬೆ ಎದ್ದಿದೆಯೋ ಎಂದು ನೋಡಿ, ಹರಳೆಣ್ಣೆ ಹಚ್ಚಿದಳು.

ಕಡಲೆಕಾಯಿ ಹುಟ್ಟಿತು. ಅಕ್ಕಡಿ ಸಾಲುಗಳು ಬರಿದಾಗಿ ಬೈತಲೆಯ ಹಾಗೆ ಬಿದ್ದಿದ್ದವು. ಅಕ್ಕ ಬಗ್ಗಿ ಬಗ್ಗಿ ಮಣ್ಣು ಕೆದಕಿ ನೋಡಿದಳು. ಒಂದು ಕಾಳೂ ಸಿಗಲಿಲ್ಲ. ಇರುವೆ ಹೊತ್ತುಕೊಂಡು ಹೋಗಿರಬೇಕು, ಇಲ್ಲವೇ ಬೀಜ ಸತ್ತು ಮಣ್ಣಾಗಿರಬೇಕು ಎಂದು ಅಜ್ಜಿ ಅಂದಳು. ಅನ್ನುವಾಗ ಅಜ್ಜಿಯ ದನಿ ಕುಗ್ಗಿತ್ತು. ಅದೇ ದಿನ ನಾನು ಎಮ್ಮೆಯನ್ನು ಹೊಡೆದುಕೊಂಡು ಬದುವಿನ ಮೇಲೆ ಹೋಗುವಾಗ ಕತ್ತಾಳೆಯ ಹಿಂದೆ ನೋಡಿದೆ. ಅಲ್ಲಿ, ನಾನು ಚೆಲ್ಲಿದ ಜಾಗದಲ್ಲಿ, ಎಲ್ಲವೂ ಹುಟ್ಟಿತ್ತು. ಅಲಸಂದೆ ಒಂದರ ಮೇಲೊಂದು ಒತ್ತಿಕೊಂಡು ಎದ್ದಿತ್ತು. ನಡುವೆ ತೊಗರಿ. ಹರಳಿನ ದಪ್ಪ ಮೊಳಕೆ ಮಣ್ಣಿನ ಹೆಂಟೆಯನ್ನು ತಲೆಯ ಮೇಲೆ ಹೊತ್ತು ನಿಂತಿತ್ತು. ಅಷ್ಟು ಬೀಜದಲ್ಲಿ ಒಂದೂ ಸತ್ತಿರಲಿಲ್ಲ. ಆಗ ನಾನು ಓಡಿಹೋಗಿ ಅಕ್ಕನನ್ನು ಕರೆದಿದ್ದರೆ ಸಾಕಿತ್ತು. ಸಸಿ ಕಿತ್ತು ಸಾಲಿಗೆ ನೆಡಲು ಹಸಿಯೂ ಇತ್ತು. ಅಪ್ಪ ಹೊಡೆಯುತ್ತಿದ್ದನೋ ಏನೋ. ಶಾಲೆ ಹೋಗುತ್ತಿತ್ತು, ಅದಂತೂ ಖಂಡಿತ. ಆದರೆ ಅದೊಂದೇ ಕಾರಣವಾಗಿದ್ದರೆ ನಾನು ಇದನ್ನು ಇಷ್ಟು ವರ್ಷ ಬಚ್ಚಿಡುತ್ತಿರಲಿಲ್ಲ. ಅಷ್ಟು ಸೊಂಪಾಗಿ ಹುಟ್ಟಿದ್ದನ್ನು ನೋಡಿದ ಕೂಡಲೇ ನನಗೆ ಅನ್ನಿಸಿದ್ದು, ಕಸದಲ್ಲಿ ಬಿದ್ದರೂ ಇವಳ ಬೀಜವೇ ಹುಟ್ಟುತ್ತದಲ್ಲ, ಎಂದು. ಕೂತುಕೊಂಡು ಎರಡೂ ಕೈಯಿಂದ ಕಿತ್ತೆ. ಎಮ್ಮೆಯ ಮುಂದೆ ಹಾಕಿದೆ. ಅದು ಅಲಸಂದೆ, ತೊಗರಿ ತಿಂದಿತು. ಹರಳಿನ ಸಸಿಯನ್ನು ಮೂಸಿ ಬಿಟ್ಟಿತು. ಅವನ್ನು ಕಲ್ಲಿನ ಅಡಿಗೆ ಒತ್ತಿ ಮುಚ್ಚಿದೆ.

ಆ ವರ್ಷ ಕಂಬಳಿಹುಳ ಬಂತು. ಬಸಪ್ಪಣ್ಣನ ಹೊಲದಲ್ಲಿ ಅಕ್ಕಡಿಯ ಅಲಸಂದೆ ಬರೀ ದಂಟಾಯಿತು. ಅವನ ಮನೆಯ ಹೆಂಗಸರು ಬುಟ್ಟಿ ಬುಟ್ಟಿ ಎಲೆ ಕಿತ್ತು ಹೂತರು. ಅವನ ಕಡಲೆಕಾಯಿ ಮುಕ್ಕಾಲುಪಾಲು ಉಳಿಯಿತು. ನಮ್ಮ ಹೊಲದಲ್ಲಿ ಹುಳಕ್ಕೆ ಎಲೆ ಹಾಕಿರಲಿಲ್ಲ. ಅದು ಕಡಲೆಕಾಯಿಯಲ್ಲೇ ಮೊಟ್ಟೆ ಇಟ್ಟು, ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಬೆರಳುದ್ದ ಬೆಳೆದು, ಹೊಲದ ತುಂಬ ಹರಡಿಹೋಗಿತ್ತು. ಅಪ್ಪ ಮುಖಕ್ಕೆ ಪಂಚೆ ಸುತ್ತಿಕೊಂಡು ಪುಡಿ ಎರಚಿದ. ಸಣ್ಣವು ಸತ್ತವು, ದೊಡ್ಡವು ಆ ಪುಡಿಯ ಮೇಲೆಯೇ ಹರಿದಾಡಿದವು. ಕಿವಿಗೊಟ್ಟರೆ ಹೊಲ ಮೆಲುಕು ಹಾಕುವ ಶಬ್ದ ಕೇಳುತ್ತಿತ್ತು.

ಬಸಪ್ಪಣ್ಣ ಮಾತಾಡಿಸಲು ಬಂದಾಗ ಅಪ್ಪ ಜಗಲಿಯ ಮೇಲೆ ಕೂತಿದ್ದ. ಒಳಗೆ ನಾವು ಮೂವರೂ ಇದ್ದೆವು. ಕೇಳಿಸಲಿ ಎಂದೇ ಹೇಳಿದ ಅನ್ನಿಸುತ್ತದೆ.

"ಅಕ್ಕಡಿ ಬಿತ್ತಿದ್ವಲ್ಲ ಬಸಪ್ಪಣ್ಣ, ಬಿತ್ತಲಿಲ್ಲ ಅಂತ ಯಾರು ಅಂದ್ರು? ಬೀಜಾನೇ ಹುಟ್ಲಿಲ್ಲ. ಕೈಗುಣ ಕೈಗುಣ ಅಂತ ಕುಣೀತಿದ್ರಲ್ಲ ಎಲ್ಲಾ, ನೋಡ್ಕಳ್ಳಿ ಈಗ."

ಹಾಗಲ್ಲ ಎಂದು ಬಸಪ್ಪಣ್ಣ ಅನ್ನಬಹುದಿತ್ತು. ಅವನ ಹೊಲಕ್ಕೂ ಮೊದಲ ಹಿಡಿ ಬಿಟ್ಟವಳು ಅಕ್ಕನೇ. ಅದು ಚೆನ್ನಾಗಿಯೇ ಹುಟ್ಟಿತ್ತು. ಆದರೆ ಸ್ವಂತ ಅಪ್ಪನೇ ಹೇಳಿದ ಮೇಲೆ ಊರು ಬೇರೆ ಲೆಕ್ಕ ಕೇಳುವುದಿಲ್ಲ. ಮುಂದಿನ ವರ್ಷ ಅವಳನ್ನು ಕರೆಯಲು ಯಾರೂ ನಮ್ಮ ಬಾಗಿಲಿಗೆ ಬರಲಿಲ್ಲ.

ಆ ಹುಳದ ಕಾಲದಲ್ಲೇ ಒಂದು ಬೆಳಿಗ್ಗೆ ಅಕ್ಕ ಏಣಿ ಹಾಕಿ ತೊಲೆಯಿಂದ ಬುರುಡೆಗಳನ್ನು ಇಳಿಸಿದಳು. ಉಳಿದಿದ್ದ ಬಿಳಿ ಅಲಸಂದೆಯನ್ನು ಬೂದಿಯಿಂದ ಜರಡಿ ಹಿಡಿದು, ತೊಳೆದು, ಬೇಯಲು ಇಟ್ಟಳು. ಬೀಜಕ್ಕೆಂದು ಇಟ್ಟದ್ದನ್ನು ಬೇಯಿಸುವುದನ್ನು ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಅಜ್ಜಿ ಗೋಡೆಗೆ ಒರಗಿ ಕೂತು ನೋಡಿದಳು, ತಡೆಯಲಿಲ್ಲ.

"ಸತ್ತ ಬೀಜಾನ ಯಾಕ್ ಕಾಯ್ಬೇಕಜ್ಜಿ," ಅಂದಳು ಅಕ್ಕ.

ಅದು ಅಜ್ಜಿ ತನ್ನ ತೌರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದ ಬೀಜ. ಮುದ್ದೆಗೆ ಆ ಕಾಳಿನ ಸಾರು ಬಡಿಸಿದರು. ಅಪ್ಪ ಉಂಡ. ನಾನೂ ಉಂಡೆ. ಎರಡನೆಯ ಸಲ ಹಾಕಿಸಿಕೊಂಡೆ ಕೂಡ, ಅಷ್ಟು ರುಚಿಯಾಗಿತ್ತು. ಅಜ್ಜಿ ಗಂಗಾಳ ಮುಟ್ಟಲಿಲ್ಲ. ಆ ಚಳಿಗಾಲದಲ್ಲೇ ಅವಳು ಹೋದಳು.

ಶಾಲೆ ತೆರೆಯುವ ಹೊತ್ತಿಗೆ ನಾನು ಅಪ್ಪನ ಮುಂದೆ ಹೋಗಿ ನಿಂತೆ.

"ಯಾವ ಸ್ಕೂಲೇ?" ಅಂದ. "ಬೆಳೇನೇ ಹೋಯ್ತು, ಇವಳಿಗೆ ಬಸ್ಸಂತೆ. ಹೋಗ್, ಎಮ್ಮೆ ನೋಡ್ಕಾ."

ಅಷ್ಟೇ. ಮುಂದೆ ಅಕ್ಕನನ್ನು ಕಡೂರಿನ ಆಚೆ ಎಮ್ಮೆದೊಡ್ಡಿಯ ಕಡೆ ಕೊಟ್ಟರು. ಅಲ್ಲಿಯೂ ಬಿತ್ತನೆಯ ದಿನ ಅವಳು ಬುತ್ತಿ ಇಟ್ಟು ಬದುವಿನಿಂದಲೇ ವಾಪಸು ಬರುತ್ತಾಳಂತೆ ಎಂದು ಕೇಳಿದೆ. ನಾನು ಮನೆಯಲ್ಲೇ ಉಳಿದೆ. ಗಂಡುಮಕ್ಕಳಿಲ್ಲದ ಅಪ್ಪ ನನಗೆ ಮನೆ ಅಳಿಯನನ್ನು ತಂದ. ಅಕ್ಕನ ಹೊಲ, ಅಕ್ಕನ ಒಲೆ, ಅಕ್ಕನ ತೊಲೆ ಎಲ್ಲಾ ನನಗೆ ಬಂತು. ಅಪ್ಪ ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ನಾನೇ ಬಾಯಿಗೆ ಗಂಜಿ ಹಾಕುತ್ತಿದ್ದೆ. ಒಂದು ದಿನ ತಡೆಯಲಾರದೆ ಕೇಳಿಬಿಟ್ಟೆ. ಅಕ್ಕನಿಗೆ ನೀನೊಂದು ಮಾತು ಹೇಳಿಬಿಡಪ್ಪಾ, ಸಡ್ಡೆಯ ವಿಷಯ, ಎಂದು. ತಲೆ ಚುರುಕಾಗಿಯೇ ಇತ್ತು ಅವನಿಗೆ.

"ಯಾವ ಸಡ್ಡೆ? ನಾನೆಲ್ಲಿ ನಿಂಗೆ ಹಂಗಂದಿದ್ದೆ? ಕನಸು ಕಂಡಿದ್ದೀಯ."

ಗಂಜಿಯ ಲೋಟ ಹಿಡಿದುಕೊಂಡು ಕೂತಿದ್ದೆ. ಮೋಸ ಮಾಡುವುದಕ್ಕೆ ಜೊತೆಯಾಗಿದ್ದವನು, ನನ್ನನ್ನು ಅದರೊಳಗೆ ಒಬ್ಬಳನ್ನೇ ಬಿಟ್ಟು ಬಾಗಿಲು ಹಾಕಿಕೊಂಡಿದ್ದ. ಅವನು ಬಾಯಿ ತೆರೆದ. ನಾನು ಗಂಜಿ ಹಾಕಿದೆ.

ಈಗ ಊರಿನಲ್ಲಿ ಅಕ್ಕಡಿ ಇಲ್ಲ. ಬಸಪ್ಪಣ್ಣನೂ ಬಿಟ್ಟು ಎಷ್ಟೋ ಕಾಲವಾಯಿತು. ಪುಡಿ ಹೋಗಿ ಹುಳಕ್ಕೆ ಸಿಂಪಡಿಸುವ ಎಣ್ಣೆ ಬಂತು, ಬೆನ್ನಿಗೆ ಕಟ್ಟುವ ಪಂಪು ಬಂತು. ಹುಳ ಹೋಗಲಿಲ್ಲ. ಹೋದ ಮುಂಗಾರಿಗೆ ಮುಂಚೆ ಕೃಷಿ ಇಲಾಖೆಯ ಒಬ್ಬ ಹುಡುಗಿ ಬಂದು ಸೊಸೈಟಿಯ ಜಗಲಿಯಲ್ಲಿ ಎಲ್ಲರನ್ನೂ ಕೂರಿಸಿ, ಕಡಲೆಕಾಯಿ ನಡುವೆ ಅಲಸಂದೆ, ಸುತ್ತ ಹರಳು ಹಾಕಿದರೆ ಕಂಬಳಿಹುಳ ಮೊದಲು ಅದಕ್ಕೇ ಹೋಗುತ್ತದೆ, ಅಲ್ಲೇ ಕಿತ್ತು ಹೂಳಬಹುದು ಎಂದಳು. ಅದಕ್ಕೆ ಅವರು ಬಲೆ ಬೆಳೆ ಅನ್ನುತ್ತಾರಂತೆ. ಬೀಜದ ಪೊಟ್ಟಣವನ್ನೂ ಹಂಚಿದಳು. ಅಕ್ಕ ಆ ದಿನ ನಮ್ಮ ಮನೆಗೆ ಬಂದಿದ್ದಳು, ನನ್ನ ಪಕ್ಕದಲ್ಲೇ ಕೂತಿದ್ದಳು. ಬಸಪ್ಪಣ್ಣ, ಈಗ ಹಲ್ಲಿಲ್ಲದ ಮುದುಕ, ದೊಡ್ಡದಾಗಿ ನಕ್ಕ.

"ಲೇ ಮಗಾ, ಇದು ಇವರಜ್ಜಿ ಹುಳಕ್ಕೆ ಹಾಕ್ತಿದ್ದ ಎಲೆ ಕಣವ್ವಾ! ಇವಳೇ ಬಿತ್ತೋಳು, ಈ ಗೌರಿ."

ಹುಡುಗಿ ಎದ್ದು ಅಕ್ಕನ ಹತ್ತಿರ ಬಂದಳು. "ಹಂಗಾದ್ರೆ ಮೊದಲನೇ ಸಾಲು ನೀವೇ ಶುರು ಮಾಡಿ ಅಮ್ಮಾ."

ಅಕ್ಕ ಕೈಗಳನ್ನು ಸೆರಗಿನ ಒಳಗೆ ಎಳೆದುಕೊಂಡಳು.

"ಬ್ಯಾಡ ಮಗಾ. ನನ್ನ ಕೈಯಾಗೆ ಬಿದ್ದದ್ದು ಹುಟ್ಟಲ್ಲ."

ಬಸಪ್ಪಣ್ಣನ ನಗು ನಿಂತುಹೋಯಿತು. ಯಾರೂ ಅವಳನ್ನು ಒತ್ತಾಯ ಮಾಡಲಿಲ್ಲ.

ಮಧ್ಯಾಹ್ನ ಅಕ್ಕ ನಡುಮನೆಯ ಬೆಳಕಿನಲ್ಲಿ ಮೊರ ಇಟ್ಟುಕೊಂಡು ನಮ್ಮ ಪಾಲಿಗೆ ಬಂದ ಅಲಸಂದೆಯನ್ನು ಆರಿಸುತ್ತಿದ್ದಳು. ನಾನು ಎದುರಿಗೆ ಕೂತು ಹೇಳಿದೆ. ತೊಟ್ಟಿಯ ಹತ್ತಿರ ಅಪ್ಪ ಹೇಳಿದ್ದು, ಬಿಚ್ಚದ ಮುಷ್ಟಿ, ಕತ್ತಾಳೆ ಬೇಲಿ, ಎಲ್ಲಾ. ಅವಳ ಬೆರಳು ಕಾಳಿನ ಮೇಲೆ ಓಡುತ್ತಲೇ ಇತ್ತು. ಕತ್ತಾಳೆಯ ಮಾತು ಬಂದಾಗ ನಿಂತಿತು.

"ಹುಟ್ಟಿತ್ತಾ?"

"ಹುಟ್ಟಿತ್ತು ಅಕ್ಕ."

"ಅಲಸಂದೆ?"

"ಅಲಸಂದೆ, ತೊಗರಿ, ಹರಳು. ಎಲ್ಲಾ ಹುಟ್ಟಿತ್ತು. ಕಿತ್ತು ಎಮ್ಮೆಗೆ ಹಾಕ್ದೆ. ಹರಳು ಮುಟ್ಲಿಲ್ಲ, ಅದನ್ನ ಕಲ್ಲಡೀಗೆ ಒತ್ತಿದೆ."

ಅವಳು ಮೊರದಿಂದ ಒಂದು ಕಾಳು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡಳು.

"ಅಜ್ಜಿ ಇದ್ದಾಗ್ಲೇ ಹೇಳಿದ್ರೆ ಆಗ್ತಿತ್ತು ಕಣೇ. ತನ್ನ ತೌರಿನ ಬೀಜ ಸತ್ತೋಯ್ತು ಅಂದ್ಕಂಡೇ ಹೋದ್ಳು ಅವಳು."

"ಅಪ್ಪ ಹೇಳಿದ್ದಕ್ಕೆ ಅಕ್ಕ..."

"ಅಪ್ಪ ಹೇಳಿದ್ದು ಬಿತ್ಬ್ಯಾಡ ಅಂತ. ಕೀಳು ಅಂತಾನೂ ಅಪ್ಪ ಹೇಳಿದ್ನಾ?"

ಅವಳು ಉಳಿದ ಕಾಳನ್ನು ಪೂರ್ತಿ ಆರಿಸಿದಳು. ಹುಳುಕನ್ನು ಕೋಳಿಗೆ ಚೆಲ್ಲಿ, ಮೊರವನ್ನು ಗೋಡೆಗೆ ಒರಗಿಸಿ, ಕೈಚೀಲ ತೆಗೆದುಕೊಂಡು ಕಡೂರಿನ ಬಸ್ಸಿಗೆ ಹೋದಳು. ಕಾಫಿ ಕುಡಿಯಲಿಲ್ಲ. ನಾನು ಬಸ್‌ಸ್ಟಾಂಡಿನವರೆಗೆ ಹಿಂದೆ ಹಿಂದೆ ಹೋದೆ. ಅವಳು ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಮರುದಿನ ನಾನೇ ಬಸಪ್ಪಣ್ಣನ ಜಗಲಿಗೆ ಹೋಗಿ, ಅವನ ಸೊಸೆಯಂದಿರ ಎದುರಿಗೇ, ಮತ್ತೆ ಎಲ್ಲವನ್ನೂ ಹೇಳಿದೆ. ಅವನು ನನ್ನನ್ನು ಬಯ್ಯಲಿಲ್ಲ. ಥೂ ಎಂದು ಪಕ್ಕಕ್ಕೆ ಉಗುಳಿ, ಮೊಮ್ಮಗನ ಗಾಡಿ ಹತ್ತಿ ಅಕ್ಕನ ಊರಿಗೆ ಹೋದ. ಏನು ಮಾತಾಡಿದನೋ, ಕಾಲಿಗೆ ಬಿದ್ದನೋ ಗೊತ್ತಿಲ್ಲ. ಬಿತ್ತನೆಯ ದಿನ ಅಕ್ಕ ಅವನ ಹೊಲದಲ್ಲಿ ಇಳಿದಳು. ತಲೆ ತುಂಬ ಸೆರಗು ಹೊದ್ದಿದ್ದಳು. ಎಲ್ಲರೂ ಟ್ರ್ಯಾಕ್ಟರಿನಲ್ಲಿ ಬಿತ್ತುವ ಕಾಲದಲ್ಲಿ ಬಸಪ್ಪಣ್ಣ ಅವಳಿಗಾಗಿ ಅಟ್ಟದ ಮೇಲಿನ ಕೂರಿಗೆ ಇಳಿಸಿದ್ದ, ಎತ್ತು ಬೇಡಿ ತಂದಿದ್ದ. ಆಮೇಲೆ ಅತ್ತ ಕಡೆಯ ಹೊಲದವರು ಕರೆದರು, ಅದರಾಚೆಯವರೂ ಕರೆದರು. ಅಕ್ಕ ಎಲ್ಲ ಕಡೆ ಹೋದಳು. ನಮ್ಮ ಬದು ದಾಟಲಿಲ್ಲ.

ನಮ್ಮ ಅಕ್ಕಡಿಗೆ ನಾನೇ ಸಡ್ಡೆ ಹಿಡಿದೆ. ನನ್ನ ಗಂಡ ಎತ್ತು ಹೊಡೆದ. ಮುಷ್ಟಿ ಬಿಚ್ಚಿ ಒಂದೊಂದೇ ಕಾಳು ಬಿಡುತ್ತ ಹೋಗಿ ಬದುವಿಗೆ ಬಂದಾಗ, ಬೇಲಿಯ ಆಚೆ ಬಸಪ್ಪಣ್ಣನ ಹೊಲದಲ್ಲಿ ಅಕ್ಕನೂ ಸಾಲು ಮುಗಿಸಿ ಬಂದು ತಿರುಗುತ್ತಿದ್ದಳು. ನಾನು ಸಡ್ಡೆಯನ್ನು ಕಲ್ಲಿಗೆ ಬಡಿದೆ. ಅವಳಿಗೆ ಕೇಳುವ ಹಾಗೆ ಮತ್ತೊಮ್ಮೆ ಬಡಿದೆ. ಅವಳು ತಿರುಗಿ ನೋಡಲಿಲ್ಲ. ಆ ದಿನವೂ ನೋಡಿರಲಿಲ್ಲ. ಆ ದಿನ ನನ್ನನ್ನು ನಂಬಿದ್ದಳು.